‘ಎನ್ನಲಾಗಿದೆ’ ಅಂದೋರು ಯಾರು ಸ್ವಾಮಿ?

ಮೊನ್ನೆ ಶನಿವಾರ ಬೆಳಿಗ್ಗೆ ಬಸವನಗುಡಿಯ ಒಂದು ದರ್ಶಿನಿಯಲ್ಲಿ ನಿಂತ್ಕೊಂಡು ಖಾಲಿ ದೋಸೆ ತಿನ್ನುತ್ತಿದ್ದೆ. ಕಾಲೇಜಿನ ಗೆಳೆಯನೊಬ್ಬ ಸಿಕ್ಕ. ಈಗ ಅವನು ದೊಡ್ಡ ಸಾಫ್ಟ್‌ವೇರ್ ಕಂಪನಿಯಲ್ಲಿ ಟೀಮ್ ಲೀಡ್. ‘ನೀನಿನ್ನೂ ಆ ಮ್ಯಾಗಜೀನ್ ಎಡಿಟಿಂಗೇ ಮಾಡ್ತಿದೀಯಾ? ಅದರಲ್ಲೇನಿದೆ ಮಾರಾಯ, ಯಾರೋ ಬರೆದು ಕಳಿಸ್ತಾರೆ, ನೀನು ಸ್ಪೆಲ್ಲಿಂಗ್ ನೋಡಿ ಪ್ರಿಂಟಿಗೆ ಕೊಡ್ತೀಯ. ಇನ್ನು ನಾಲ್ಕು ವರ್ಷಕ್ಕೆ ಅದನ್ನೂ ಕಂಪ್ಯೂಟರ್ರೇ ಮಾಡುತ್ತೆ’ ಅಂದ.

‘ನಿನ್ನ ಟೀಮಿನ ಹುಡುಗ ಹತ್ತು ಸಾಲು ಕೋಡ್ ಬರೆದ್ರೆ ಏನ್ಮಾಡ್ತೀಯ?’ ಅಂತ ಕೇಳಿದೆ.

‘ರಿವ್ಯೂಗೆ ಹಾಕ್ತೀವಿ. ಇನ್ನೊಬ್ಬ ನೋಡಿ ಓಕೆ ಅನ್ನದೆ ಒಂದು ಸಾಲೂ ಒಳಗೆ ಹೋಗಲ್ಲ.’

‘ರಿವ್ಯೂನಲ್ಲಿ ಸ್ಪೆಲ್ಲಿಂಗ್ ನೋಡ್ತೀರಾ?’

‘ಏ, ಸ್ಪೆಲ್ಲಿಂಗ್ ಯಾಕೋ ನೋಡ್ತೀವಿ? ಲಾಜಿಕ್ ನೋಡ್ತೀವಿ. ಎಲ್ಲಿ ಮುರಿಯುತ್ತೆ ಅಂತ ನೋಡ್ತೀವಿ.’

‘ಅದನ್ನೇ ಕಣಯ್ಯಾ ಎಡಿಟಿಂಗ್ ಅನ್ನೋದು’ ಅಂದೆ. ಅವನಿಗೆ ನಂಬಿಕೆ ಬರಲಿಲ್ಲ. ತಪ್ಪು ಅವನದ್ದಲ್ಲ ಬಿಡಿ. ಕನ್ನಡದ ಡೆಸ್ಕುಗಳಲ್ಲಿ ಕೂತಿರೋ ನಮ್ಮಲ್ಲೇ ಬಹಳ ಜನ ಅದನ್ನು ನಂಬಲ್ಲ.

ಸುತ್ತಿ ಬಳಸಿ ಹೇಳೋದು ಬೇಡ. ಕನ್ನಡದಲ್ಲಿ ನಾಲ್ಕು, ಐದು, ಆರು ಸಾವಿರ ಪದದ ಒಳ್ಳೆ ವರದಿ ಬರೆಯೋ ತಾಕತ್ತಿರೋರು ಇದ್ದಾರೆ. ಅದನ್ನು ಓದೋರೂ ಇದ್ದಾರೆ. ಇವರಿಬ್ಬರ ನಡುವೆ ಕೂತು, ಓದುಗನ ಪರವಾಗಿ ಬರೆದವರನ್ನು ಪ್ರಶ್ನೆ ಕೇಳೋರು ಇಲ್ಲ. ಎಡಿಟರ್ ಅಂತ ನಾವು ಕರೀತಿರೋದು ಒಂದೋ ಕಾಗುಣಿತ ತಿದ್ದೋರನ್ನ, ಇಲ್ಲಾ ಪುಟ ತುಂಬಿಸೋರನ್ನ, ಇಲ್ಲಾ ಸಭೆಯಲ್ಲಿ ಹಾರ ಹಾಕಿಸ್ಕೊಳ್ಳೋರನ್ನ. ಮೂರೂ ಬೇಕಾದ ಕೆಲಸಗಳೇ ಇರಬಹುದು, ಆದರೆ ಮೂರೂ ಎಡಿಟಿಂಗ್ ಅಲ್ಲ.

ಇದನ್ನು ನಾನು ಯಾವುದೋ ವರ್ಕ್‌ಶಾಪಿನಲ್ಲಿ ಕಲಿತು ಹೇಳ್ತಿಲ್ಲ. ಕಲಿಸಿದ್ದು ಡಿಗ್ರಿ ಓದುತ್ತಿದ್ದ ಒಬ್ಬಳು ಹುಡುಗಿ.

ಹತ್ತು ವರ್ಷದ ಮೇಲಾಯ್ತು. ಆಗ ನಾನು ಬೆಂಗಳೂರಿನ ಒಂದು ವಾರಪತ್ರಿಕೆಯಲ್ಲಿ ಉಪಸಂಪಾದಕ. ಪತ್ರಿಕೆಯ ಹೆಸರು ಬೇಡ. ತಪ್ಪು ಮಾಡಿದ್ದು ನಾನು. ಒಂದು ಮಂಗಳವಾರ ಸಂಜೆ ನಾಲ್ಕು ಸಾವಿರ ಪದದ ಲೇಖನ ಕೈಗೆ ಬಂತು. ಬಯಲುಸೀಮೆಯ ಒಂದು ಹಳ್ಳಿಯ ಸಹಕಾರ ಸಂಘದಲ್ಲಿ ರೈತರ ಹೆಸರಲ್ಲಿ ಸುಳ್ಳು ಸಾಲ ಬರೆದು ದುಡ್ಡು ಹೊಡೆದ ಕಥೆ. ಬರೆದವರು ಬಿಸಿಲಲ್ಲಿ ಓಡಾಡಿದ್ದರು. ಸಾಲವನ್ನೇ ತಗೊಳ್ಳದ ಮುದುಕಿಯ ಮನೆಗೆ ವಸೂಲಿ ನೋಟಿಸ್ ಬಂದದ್ದು, ಅದನ್ನು ಓದೋಕೆ ಬಾರದೆ ಆಕೆ ಅದನ್ನು ದೇವರ ಗೂಡಿನಲ್ಲಿಟ್ಟಿದ್ದು, ಎಲ್ಲಾ ಇತ್ತು. ಓದಿದ್ರೆ ಹೊಟ್ಟೆ ಉರಿಯುತ್ತಿತ್ತು.

ನಾನೇನು ಮಾಡಿದೆ? ಅಲ್ಪಪ್ರಾಣ, ಮಹಾಪ್ರಾಣ ಸರಿ ಮಾಡಿದೆ. ಉದ್ದ ವಾಕ್ಯಗಳನ್ನು ತುಂಡು ಮಾಡಿದೆ. ಮೂರು ಉಪಶೀರ್ಷಿಕೆ ಕೊಟ್ಟೆ. ಕೊನೇ ಗಳಿಗೆಯಲ್ಲಿ ಜಾಹೀರಾತು ಬಂದು ಅರ್ಧ ಪುಟ ಹೋಯ್ತು ಅಂತ ಬಾಲದಿಂದ ಮುನ್ನೂರು ಪದ ಹಾರಿಸಿದೆ. ಆಮೇಲೆ ಪುಟದ ನಡುವೆ ದಪ್ಪಕ್ಷರದಲ್ಲಿ ಹಾಕೋಕೆ ಒಂದು ಖಡಕ್ ಸಾಲು ಹುಡುಕಿದೆ. ಸಿಕ್ಕಿತು. ‘ಗುಮಾಸ್ತರ ಕಣ್ಣು ತಪ್ಪಿಸಿ ಇಷ್ಟೆಲ್ಲ ನಡೆಯಲು ಸಾಧ್ಯವೇ ಎಂಬುದು ಊರವರ ಪ್ರಶ್ನೆ.’ ಎಂಥಾ ಸಾಲು! ಬಾಕ್ಸ್ ಕಟ್ಟಿ ಹಾಕಿದೆ. ಡೆಸ್ಕಿನ ಹಿರಿಯರು ಬೆನ್ನು ತಟ್ಟಿದರು.

ಮೂರು ವಾರ ಕಳೆದ ಮೇಲೆ ಆ ಹುಡುಗಿ ಆಫೀಸಿಗೆ ಬಂದಳು. ಗುಮಾಸ್ತರ ಮಗಳು. ಮೊದಲನೇ ಬಸ್ಸು ಹಿಡಿದು ಬಂದಿದ್ದಳು. ಕೂಗಾಡಲಿಲ್ಲ. ನಮ್ಮ ಪತ್ರಿಕೆಯನ್ನು ನನ್ನ ಮೇಜಿನ ಮೇಲೆ ಬಿಡಿಸಿಟ್ಟಳು. ಎರಡು ಕಡೆ ನೀಲಿ ಪೆನ್ನಿನಲ್ಲಿ ಗೆರೆ ಎಳೆದಿದ್ದಳು. ಒಂದು, ಲೇಖನದ ಎರಡನೇ ಪುಟದಲ್ಲಿ: 2005ರಲ್ಲಿ ಗುಮಾಸ್ತರು ನಿವೃತ್ತರಾದ ಮೇಲೆ ಸಂಘದ ಲೆಕ್ಕ ನೋಡುವವರೇ ಇರಲಿಲ್ಲ ಅಂತ. ಇನ್ನೊಂದು ನಾಲ್ಕನೇ ಪುಟದಲ್ಲಿ, ನನ್ನ ಬಾಕ್ಸಿನ ಕೆಳಗೆ. ಸುಳ್ಳು ಸಾಲ ಬರೆದದ್ದು 2006 ಮತ್ತು 2007ರಲ್ಲಿ. ಅದೂ ಲೇಖನದಲ್ಲೇ ಇತ್ತು.

‘ಸಾರ್, ನಮ್ಮಪ್ಪ ಅಲ್ಲಿ ಇಲ್ಲದೇ ಇದ್ದಾಗ ನಮ್ಮಪ್ಪನ ಕಣ್ಣು ಹೆಂಗೆ ತಪ್ಪಿಸ್ತಾರೆ ಸಾರ್?’ ಅಂದಳು.

ನಾನು ಮಾತಾಡಲಿಲ್ಲ.

‘ಅವರ ಹತ್ರ ಬಂದು ಯಾರಾದ್ರೂ ಕೇಳಿದ್ರಾ?’

ಇಲ್ಲ.

‘ಊರವರು ಅಂದ್ರೆ ಯಾರು ಸಾರ್?’

ಬರೆದವರಿಗೆ ಫೋನ್ ಮಾಡಿದೆ. ಊರವರು ಅಂದ್ರೆ ಒಬ್ಬ. ಟೀ ಅಂಗಡಿಯಲ್ಲಿ ಸಿಕ್ಕವನು. ಹೆಸರು ಕೇಳಿರಲಿಲ್ಲ. ಸಣ್ಣ ಊರು, ಇದ್ದದ್ದು ಒಬ್ಬರೇ ಗುಮಾಸ್ತರು, ಹಾಗಾಗಿ ಹೆಸರು ಹಾಕದಿದ್ದರೂ ಎಲ್ಲರಿಗೂ ಗೊತ್ತಾಗಿತ್ತು. ಆ ಮನುಷ್ಯ ಅರಳಿಕಟ್ಟೆಗೆ ಬರೋದನ್ನೇ ಬಿಟ್ಟಿದ್ದರು. ದೊಡ್ಡ ಮಗಳ ಮದುವೆಯ ಮಾತುಕತೆ ಅರ್ಧಕ್ಕೆ ನಿಂತಿತ್ತು. ಮುಂದಿನ ಸಂಚಿಕೆಯಲ್ಲಿ ಎರಡು ಸಾಲಿನ ಸ್ಪಷ್ಟನೆ ಹಾಕಿದೆವು, ಪದಬಂಧದ ಉತ್ತರದ ಕೆಳಗೆ. ಅದನ್ನು ಯಾರೂ ಓದಿರಲಿಕ್ಕಿಲ್ಲ.

ಗಮನಿಸಿ, ಆ ತಪ್ಪು ಹಿಡಿಯೋಕೆ ನಾನು ಹಳ್ಳಿಗೆ ಹೋಗಬೇಕಿರಲಿಲ್ಲ. ಯಾವ ದಾಖಲೆಯೂ ಬೇಕಿರಲಿಲ್ಲ. ಒಂದು ಹಾಳೆಯಲ್ಲಿ ಇಸವಿಗಳನ್ನು ಸಾಲಾಗಿ ಬರ್ಕೊಂಡಿದ್ರೆ ಸಾಕಿತ್ತು. ಆ ಹುಡುಗಿ ಮಾಡಿದ್ದೂ ಅಷ್ಟೇ. ಅವಳು ಒಂದು ನೀಲಿ ಪೆನ್ನಿನಲ್ಲಿ ಮಾಡಿದ್ದು ಎಡಿಟಿಂಗ್. ನಾನು ಸಂಬಳ ತಗೊಂಡು ಮಾಡಿದ್ದು ಅಲಂಕಾರ. ಅದಕ್ಕಿಂತ ಬೇಜಾರಿನ ವಿಷಯ, ಒಳಗೆಲ್ಲೋ ಇದ್ದ ತಪ್ಪನ್ನು ಹುಡುಕಿ ತೆಗೆದು ದಪ್ಪಕ್ಷರದಲ್ಲಿ ಹಾಕಿದೋನು ನಾನೇ. ನನಗೆ ಕನ್ನಡ ಚೆನ್ನಾಗಿ ಬರುತ್ತಿತ್ತು. ಎಡಿಟಿಂಗ್ ಬರುತ್ತಿರಲಿಲ್ಲ.

ಅವತ್ತಿನಿಂದ ನನಗೆ ಒಂದು ಪದ ಕಂಡ್ರೆ ಆಗಲ್ಲ. ‘ಎನ್ನಲಾಗಿದೆ.’ ಕನ್ನಡ ಪತ್ರಿಕೋದ್ಯಮಕ್ಕೆ ಇದು ಉಪ್ಪಿನಕಾಯಿ ಇದ್ದ ಹಾಗೆ, ಯಾವ ಊಟಕ್ಕೂ ಆಗುತ್ತೆ. ಹಣ ದುರುಪಯೋಗವಾಗಿದೆ ಎನ್ನಲಾಗಿದೆ. ಇದರ ಹಿಂದೆ ಪ್ರಭಾವಿಗಳ ಕೈವಾಡವಿದೆ ಎಂದು ಹೇಳಲಾಗುತ್ತಿದೆ. ಸಾರ್ವಜನಿಕ ವಲಯದಲ್ಲಿ ಚರ್ಚೆಯಾಗುತ್ತಿದೆ. ಎಂಬುದು ಊರವರ ಪ್ರಶ್ನೆ. ಎಂಬ ಮಾತು ಕೇಳಿಬರುತ್ತಿದೆ. ಅಲ್ಲ ಸ್ವಾಮಿ, ಅಂದೋರು ಯಾರು? ಹೇಳಿದ್ದು ಯಾರು? ಚರ್ಚೆ ಮಾಡಿದ್ದು ಎಷ್ಟು ಜನ, ಯಾವ ಕಟ್ಟೆ ಮೇಲೆ ಕೂತು? ಕೇಳಿಬಂದದ್ದು ಯಾರ ಕಿವಿಗೆ?

ದಿನಪತ್ರಿಕೆಯ ಮುನ್ನೂರು ಪದದ ಸುದ್ದಿಯಲ್ಲಿ ಒಂದು ‘ಎನ್ನಲಾಗಿದೆ’ ಇದ್ದರೆ ಅದಕ್ಕೊಂದು ನೆವ ಇದೆ. ರಾತ್ರಿ ಹತ್ತಕ್ಕೆ ಪುಟ ಹೋಗಬೇಕು, ಪೊಲೀಸರು ಫೋನ್ ತೆಗೆದಿಲ್ಲ, ಏನೋ ಒಂದು. ಎರಡು ತಿಂಗಳು ಓಡಾಡಿ ಬರೆದ ಐದು ಸಾವಿರ ಪದದ ಲೇಖನದಲ್ಲಿ ಏನು ನೆವ? ಉದ್ದದ ಲೇಖನದ ಗುಣವೇ ಹಾಗೆ. ಅದರಲ್ಲಿ ಕಥೆಯ ಓಟ ಇರುತ್ತೆ, ದೃಶ್ಯ ಇರುತ್ತೆ, ಮಾತುಕತೆ ಇರುತ್ತೆ. ಓದುಗ ಮೈಮರೆತು ಓದ್ತಾನೆ, ಮೈಮರೆತಾಗ ನಂಬ್ತಾನೆ. ಅಂದ್ರೆ ಬರವಣಿಗೆ ಚೆನ್ನಾಗಿದ್ದಷ್ಟೂ ಅದರೊಳಗಿನ ತಪ್ಪು ಹೆಚ್ಚು ಅಪಾಯದ್ದು. ಚಂದದ ಬರವಣಿಗೆಗೆ ಎಡಿಟರ್ ಬೇಡ ಅನ್ನೋರು ಇದನ್ನು ಸ್ವಲ್ಪ ಯೋಚಿಸಬೇಕು.

‘ಅಯ್ಯೋ, ನಮ್ಮ ಕನ್ನಡ ಪತ್ರಿಕೆಗಳಿಗೆ ದುಡ್ಡೆಲ್ಲಿದೆ, ಅಮೆರಿಕದ ಥರ ಹತ್ತು ಜನ ಎಡಿಟರ್ ಇಟ್ಕೊಳ್ಳೋಕಾಗುತ್ತಾ’ ಅಂತ ತಕ್ಷಣ ಒಂದು ಉತ್ತರ ಬರುತ್ತೆ. ಸರಿ, ಅಮೆರಿಕಕ್ಕೇ ಹೋಗೋಣ.

2014ರ ನವೆಂಬರ್‌ನಲ್ಲಿ ‘ರೋಲಿಂಗ್ ಸ್ಟೋನ್’ ಪತ್ರಿಕೆ ಸುಮಾರು ಒಂಬತ್ತು ಸಾವಿರ ಪದದ ಒಂದು ಲೇಖನ ಪ್ರಕಟಿಸಿತು. ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ನಡೆಯಿತೆಂದು ಹೇಳಿದ ಒಂದು ಸಾಮೂಹಿಕ ಅತ್ಯಾಚಾರದ ವರದಿ. ಕೆಲವೇ ವಾರಗಳಲ್ಲಿ ಬೇರೆ ಪತ್ರಕರ್ತರು ವಿವರಗಳನ್ನು ಪರಿಶೀಲಿಸಿದಾಗ ಒಂದೊಂದೇ ಎಳೆ ಬಿಚ್ಚಿಕೊಂಡಿತು. ಪತ್ರಿಕೆ ಕೊಲಂಬಿಯಾ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ಶಾಲೆಯನ್ನು ಕರೆದು, ಎಲ್ಲಿ ತಪ್ಪಾಯ್ತು ನೋಡಿ ಹೇಳಿ ಅಂತ ಕೇಳಿಕೊಂಡಿತು. 2015ರ ಏಪ್ರಿಲ್‌ನಲ್ಲಿ ಆ ವರದಿ ಬಂತು, ಲೇಖನವನ್ನು ಪತ್ರಿಕೆ ಹಿಂದಕ್ಕೆ ಪಡೆಯಿತು. 2016ರಲ್ಲಿ ವಿಶ್ವವಿದ್ಯಾಲಯದ ಒಬ್ಬ ಅಧಿಕಾರಿ ಹೂಡಿದ ಮಾನನಷ್ಟ ಮೊಕದ್ದಮೆಯಲ್ಲಿ ಜ್ಯೂರಿ 30 ಲಕ್ಷ ಡಾಲರ್ ಪರಿಹಾರ ಕೊಡಬೇಕು ಅಂತ ಹೇಳಿತು.

ಆ ಪತ್ರಿಕೆಗೆ ದುಡ್ಡಿರಲಿಲ್ವಾ? ಇತ್ತು. ಎಡಿಟರುಗಳಿದ್ದರು, ವಿವರ ಪರಿಶೀಲಿಸೋ ಪ್ರತ್ಯೇಕ ವಿಭಾಗ ಇತ್ತು, ವಕೀಲರೂ ಇದ್ದರು. ಇಷ್ಟೆಲ್ಲ ಇದ್ದೂ ಎಲ್ಲಿ ಎಡವಿದರು? ಘಟನೆಯ ರಾತ್ರಿ ತನ್ನನ್ನು ನೋಡೋಕೆ ಮೂವರು ಸ್ನೇಹಿತರು ಬಂದರು, ಹೀಗೆ ಹೀಗೆ ಮಾತಾಡಿದರು ಅಂತ ಆ ಯುವತಿ ಹೇಳಿದ್ದಳು. ಲೇಖನದಲ್ಲಿ ಆ ಮೂವರ ಮಾತುಗಳು ಅವರೇ ಆಡಿದ ಹಾಗೆ ಅಚ್ಚಾದವು. ಆ ಮೂವರ ಹತ್ತಿರ ಯಾರೂ ಮಾತಾಡಿರಲಿಲ್ಲ. ‘ಆ ಮೂವರನ್ನು ಕೇಳಿದ್ರಾ? ಕೇಳದೇ ಇದು ಹೋಗಲ್ಲ’ ಅಂತ ಎಡಿಟರ್ ಪಟ್ಟು ಹಿಡಿದು ಕೂರಬೇಕಿತ್ತು. ಕೂರಲಿಲ್ಲ. ಕೊಲಂಬಿಯಾದವರ ವರದಿ ಬರೆದವರ ಮೇಲೆ ಮಾತ್ರ ತಪ್ಪು ಹೊರಿಸಿ ಸುಮ್ಮನಾಗಲಿಲ್ಲ, ಎಡಿಟಿಂಗ್ ಕೂಡ ಸೋತಿತು ಅಂತ ಸ್ಪಷ್ಟವಾಗಿ ಹೇಳಿತು. ಇದರಿಂದ ದೊಡ್ಡ ಪೆಟ್ಟು ಬಿದ್ದದ್ದು ನಿಜವಾಗಿ ಅತ್ಯಾಚಾರಕ್ಕೊಳಗಾದ ಹೆಣ್ಣುಮಕ್ಕಳಿಗೆ. ಅವರ ಮಾತನ್ನು ಅನುಮಾನದಿಂದ ನೋಡೋರಿಗೆ ಒಂದು ನೆಪ ಸಿಕ್ಕಿತು.

ನಮ್ಮ ಬಡ ವಾರಪತ್ರಿಕೆಯ ಡೆಸ್ಕಿನಲ್ಲಿ ನಾನು ಕೇಳದೇ ಹೋದದ್ದೂ, ನ್ಯೂಯಾರ್ಕಿನ ಶ್ರೀಮಂತ ಪತ್ರಿಕೆಯಲ್ಲಿ ಅವರು ಪಟ್ಟು ಹಿಡಿಯದೇ ಹೋದದ್ದೂ ಒಂದೇ ಪ್ರಶ್ನೆ. ಅವರನ್ನು ಕೇಳಿದ್ರಾ? ಈ ಪ್ರಶ್ನೆಗೆ ಬಜೆಟ್ ಬೇಡ. ದುಡ್ಡಿಲ್ಲ ಅನ್ನೋದು ಸುಳ್ಳು ಅಂತ ನಾನು ಹೇಳ್ತಿಲ್ಲ, ಅದು ಪೂರ್ತಿ ಉತ್ತರ ಅಲ್ಲ ಅಂತ ಹೇಳ್ತಿದೀನಿ.

ಈ ಕೆಲಸವನ್ನು ಗಂಭೀರವಾಗಿ ತಗೊಂಡೋರು ಹೇಗೆ ಮಾಡಿದರು ಅನ್ನೋದನ್ನೂ ನೋಡಿ. ‘ನ್ಯೂಯಾರ್ಕರ್’ ಪತ್ರಿಕೆಯನ್ನು 1925ರಲ್ಲಿ ಶುರು ಮಾಡಿದ ಹೆರಾಲ್ಡ್ ರಾಸ್ ದೊಡ್ಡ ಪಂಡಿತನೇನಲ್ಲ, ಹೈಸ್ಕೂಲು ಕೂಡ ಮುಗಿಸಿರಲಿಲ್ಲ. ಆದರೆ ಲೇಖನದಲ್ಲಿ ಪರಿಚಯ ಹೇಳದೆ ಒಂದು ಹೆಸರು ಬಂದ್ರೆ ಅಂಚಿನಲ್ಲಿ ‘ಯಾರಿವನು?’ ಅಂತ ಬರೆದು ವಾಪಸ್ ಕಳಿಸುತ್ತಿದ್ದ. 1927ರಲ್ಲಿ ಕವಯಿತ್ರಿಯೊಬ್ಬರ ವ್ಯಕ್ತಿಚಿತ್ರದಲ್ಲಿ ತಪ್ಪುಗಳು ತುಂಬಿ, ಆಕೆಯ ತಾಯಿ ಜಗಳಕ್ಕೆ ಬಂದ ಮೇಲೆ, ಅಚ್ಚಿಗೆ ಮುಂಚೆ ಪ್ರತಿ ವಿವರವನ್ನೂ ಪರಿಶೀಲಿಸೋ ಪದ್ಧತಿ ಆ ಪತ್ರಿಕೆಯಲ್ಲಿ ಬೇರು ಬಿಟ್ಟಿತು. ಅವರೂ ಪೆಟ್ಟು ತಿಂದೇ ಕಲಿತದ್ದು.

1946ರಲ್ಲಿ ಜಾನ್ ಹರ್ಸಿ ಹಿರೋಶಿಮಾದ ಬಗ್ಗೆ ಬರೆದ ಸುಮಾರು ಮೂವತ್ತು ಸಾವಿರ ಪದಗಳ ವರದಿಯನ್ನು ಕಂತುಗಳಲ್ಲಿ ಹಾಕೋದು ಅಂತ ಮೊದಲು ಯೋಚನೆ ಇತ್ತು. ಬೇಡ, ಒಂದೇ ಸಂಚಿಕೆಯಲ್ಲಿ ಪೂರ್ತಿ ಹೋಗಲಿ ಅಂತ ಹೇಳಿದವನು ಎಡಿಟರ್ ವಿಲಿಯಂ ಶಾನ್. ಆಗಸ್ಟ್ 31ರ ಸಂಚಿಕೆಯಲ್ಲಿ ಬೇರೆ ಲೇಖನವೇ ಇರಲಿಲ್ಲ. ಇತ್ತ ರಾಸ್ ಪುಟಗಟ್ಟಲೆ ಪ್ರಶ್ನೆ ಬರೆದಿದ್ದ. ಬಾಂಬ್ ಬಿದ್ದ ಊರಿನಲ್ಲಿ ಸೈಕಲ್ಲುಗಳು ಒಂದು ಕಡೆಗೆ ಸೊಟ್ಟಗಾಗಿದ್ದವು ಅನ್ನೋ ಅರ್ಥದ ಒಂದು ಪದ ಹರ್ಸಿ ಬಳಸಿದ್ದರು. ಚಪ್ಪಟೆಯಾಗಿರೋ ಸೈಕಲ್ಲು ಹಾಗೆ ಹೇಗಾಗುತ್ತೆ ಅಂತ ರಾಸ್ ಕೇಳಿದ. ಪದ ಬದಲಾಯಿತು. ಊರಿಗೆ ಊರೇ ಸುಟ್ಟುಹೋದ ಕಥೆಯಲ್ಲಿ ಸೈಕಲ್ಲಿನ ಸೊಟ್ಟ ಯಾಕೆ ಬೇಕು ಅಂತ ಕೇಳಬಹುದು. ಸೈಕಲ್ಲಿನ ವಿಷಯದಲ್ಲಿ ಇಷ್ಟು ಜಾಗ್ರತೆ ಇರೋರು ಸತ್ತವರ ವಿಷಯದಲ್ಲಿ ಬೇಕಾಬಿಟ್ಟಿ ಬರೆದಿರಲಿಕ್ಕಿಲ್ಲ ಅಂತ ಓದುಗನಿಗೆ ಧೈರ್ಯ ಬರೋದು ಹಾಗೆ.

ಹಾಗಂತ ಇದು ಪರದೇಶದ ವಿದ್ಯೆ, ನಮಗೆ ಹೊಸದು ಅಂದುಕೊಳ್ಳಬೇಡಿ. ಹದಿನೈದನೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ‘ಶೂನ್ಯಸಂಪಾದನೆ’ ಕಟ್ಟಿದಾಗ ಮಾಡಿದ್ದೇನು? ಬೇರೆ ಬೇರೆ ಶರಣರ ಬಿಡಿಬಿಡಿ ವಚನಗಳನ್ನು ಆರಿಸಿ, ಯಾವುದರ ನಂತರ ಯಾವುದು ಅಂತ ತೀರ್ಮಾನಿಸಿ, ಅಲ್ಲಮನನ್ನು ನಡುವೆ ನಿಲ್ಲಿಸಿ ಒಂದು ಸಂವಾದವಾಗಿ ಜೋಡಿಸಿದ. ಅವನ ನಂತರ ಮೂವರು ಅದನ್ನು ಮತ್ತೆ ತಿದ್ದಿ, ಮತ್ತೆ ಜೋಡಿಸಿದರು. ಈಗಿನ ಭಾಷೆಯಲ್ಲಿ ಹೇಳೋದಾದ್ರೆ ಅದು ಸ್ಟ್ರಕ್ಚರ್ ಎಡಿಟಿಂಗ್. ಡಿ.ಎಲ್. ನರಸಿಂಹಾಚಾರ್ ಅವರು ‘ಕನ್ನಡ ಗ್ರಂಥಸಂಪಾದನೆ’ ಅಂತ ಒಂದು ಪುಸ್ತಕವನ್ನೇ ಬರೆದರು. ನಾಲ್ಕು ಓಲೆಪ್ರತಿ ನಾಲ್ಕು ಥರ ಹೇಳಿದ್ರೆ ಯಾವುದನ್ನು ನಂಬಬೇಕು, ಯಾಕೆ ನಂಬಬೇಕು ಅನ್ನೋ ಶಿಸ್ತು ಅದು. ಹಳೆಗನ್ನಡ ಕಾವ್ಯದ ಒಂದು ಪಾಠಾಂತರಕ್ಕೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡ ಭಾಷೆ ನಮ್ಮದು. ಜೀವಂತ ಗುಮಾಸ್ತನ ಮಾನದ ವಿಷಯಕ್ಕೆ ಬಂದಾಗ ‘ಎನ್ನಲಾಗಿದೆ’ ಸಾಕು ಅಂತ ಬಿಟ್ಟುಬಿಟ್ಟೆವು.

‘ಉದ್ದದ ಲೇಖನ ಈಗ ಯಾರು ಓದ್ತಾರೆ?’ ಇದು ಇನ್ನೊಂದು ಮಾತು. 1956ರಲ್ಲಿ ಹುಬ್ಬಳ್ಳಿಯಿಂದ ಶುರುವಾದ ‘ಕಸ್ತೂರಿ’ಯನ್ನು ನೆನಪು ಮಾಡಿಕೊಳ್ಳಿ. ಪಾ.ವೆಂ. ಆಚಾರ್ಯರು ವರ್ಷಾನುಗಟ್ಟಲೆ ಅದನ್ನು ನಡೆಸಿದರು. ಅದರ ಪುಸ್ತಕ ವಿಭಾಗದಲ್ಲಿ ಒಂದಿಡೀ ಪುಸ್ತಕವನ್ನು ಇಳಿಸಿ ಕೊಡುತ್ತಿದ್ದರು. ನಮ್ಮ ಮನೆಯಲ್ಲಿ ಅಜ್ಜಿಯಿಂದ ಹಿಡಿದು ಎಸ್ಸೆಸ್ಸೆಲ್ಸಿ ಹುಡುಗನ ತನಕ ಅದನ್ನು ಓದೋರೇ. ಮುನ್ನೂರು ಪುಟವನ್ನು ಮೂವತ್ತಕ್ಕೆ ಇಳಿಸಿದ ಮೇಲೂ ಕಥೆಯ ಜೀವ ಉಳಿಯಬೇಕಂದ್ರೆ, ಯಾವುದು ಬೆನ್ನುಮೂಳೆ, ಯಾವುದು ಬೊಜ್ಜು ಅಂತ ಗೊತ್ತಿರಬೇಕು. ಓದುಗರಿಗೆ ಉದ್ದ ಬೇಡ ಅಂತಲ್ಲ. ಎಳೆದದ್ದು ಬೇಡ. ಎರಡಕ್ಕೂ ವ್ಯತ್ಯಾಸ ಹೇಳೋಕೆ ಬಾರದ ಡೆಸ್ಕು, ಎಲ್ಲವನ್ನೂ ಎಂಟುನೂರು ಪದಕ್ಕೆ ಕತ್ತರಿಸಿ ಓದುಗರ ಮೇಲೆ ಹಾಕುತ್ತೆ.

ಮೂರನೇದು, ಎಲ್ಲಕ್ಕಿಂತ ಗಟ್ಟಿ ಗೋಡೆ: ‘ಅವರು ದೊಡ್ಡವರು, ಅವರ ಒಂದಕ್ಷರ ಮುಟ್ಟಬೇಡ.’ ಹಿರಿಯ ಸಾಹಿತಿಯ ಲೇಖನ ಬಂದ್ರೆ ಡೆಸ್ಕಿನಲ್ಲಿ ಎಲ್ಲರೂ ಎದ್ದು ನಿಲ್ಲದಿರೋದೊಂದು ಬಾಕಿ. ಅವರು ಬರೆದು ಕೊಟ್ಟದ್ದೇ ಹೆಚ್ಚು, ಪ್ರಶ್ನೆ ಬೇರೆ ಕೇಳ್ತೀಯಾ? ಇದನ್ನು ನಾವು ಗೌರವ ಅಂದುಕೊಂಡಿದ್ದೇವೆ. ಬರೆದದ್ದನ್ನು ಪೂರ್ತಿ ಓದದೆ ಅಚ್ಚಿಗೆ ಕಳಿಸೋದು ಯಾವ ಸೀಮೆ ಗೌರವ?

ಗುಮಾಸ್ತರ ಪ್ರಕರಣ ಆಗಿ ವರ್ಷದ ಮೇಲೆ ಒಬ್ಬ ಹಿರಿಯ ಲೇಖಕರ ಐದು ಸಾವಿರ ಪದ ನನ್ನ ಕೈಗೆ ಬಂತು. ಕೆರೆಗಳ ಬಗ್ಗೆ. ವಿಷಯ ಶುರುವಾಗುತ್ತಿದ್ದದ್ದು ಒಂಬೈನೂರು ಪದ ಆದ ಮೇಲೆ. ನಾಲ್ಕು ಕಡೆ ಇದು ಇವರಿಗೆ ಹೇಗೆ ಗೊತ್ತಾಯ್ತು ಅಂತ ಅನುಮಾನ. ಹೆದರಿಕೊಂಡೇ ಫೋನ್ ಮಾಡಿದೆ. ‘ಸಾರ್, ಹನ್ನೊಂದು ಪ್ರಶ್ನೆ ಇದೆ, ನಿಮಗೆ ಬಿಡುವಿದ್ಯಾ?’ ಆ ಕಡೆ ಸ್ವಲ್ಪ ಹೊತ್ತು ಮೌನ. ಸಿಕ್ಕಿಹಾಕಿಕೊಂಡೆ ಅಂದುಕೊಂಡೆ. ‘ಹನ್ನೊಂದಾ? ಇರಪ್ಪ, ಪೆನ್ನು ತರ್ತೀನಿ’ ಅಂದರು. ಒಂದೂವರೆ ಗಂಟೆ ಮಾತಾಡಿದೆವು. ಏಳು ಪ್ರಶ್ನೆಗೆ ಉತ್ತರ ಇತ್ತು, ಎರಡಕ್ಕೆ ಇಲ್ಲ, ಆ ಸಾಲುಗಳನ್ನು ಅವರೇ ತೆಗೆದರು. ಇನ್ನೆರಡರಲ್ಲಿ ನಾನೇ ತಪ್ಪು ತಿಳ್ಕೊಂಡಿದ್ದೆ, ಬೈಸಿಕೊಂಡೆ. ಕೊನೆಗೆ ಅಂದರು, ‘ಮೂವತ್ತು ವರ್ಷದಿಂದ ಪತ್ರಿಕೆಗಳಿಗೆ ಬರೀತಿದೀನಿ. ಚೆನ್ನಾಗಿದೆ ಅಂತ ಎಲ್ಲಾ ಹೇಳಿದಾರೆ. ಓದಿ ಪ್ರಶ್ನೆ ಕೇಳಿದ್ದು ನೀನೇ ಮೊದಲು.’ ನನಗೆ ಖುಷಿಗಿಂತ ನಾಚಿಕೆ ಆಯ್ತು. ನಮ್ಮ ಇಡೀ ಕಸುಬಿನ ಪರವಾಗಿ.

ಸರಿ, ಕಲಿಯೋದು ಹೇಗೆ? ಕಾಲೇಜಿನಲ್ಲಿ ಇದನ್ನು ಹೇಳಿಕೊಡೋರು ನನಗಂತೂ ಸಿಗಲಿಲ್ಲ. ನಾನು ಮಾಡಿಕೊಂಡ ಕೆಲವು ಅಭ್ಯಾಸ ಹೇಳ್ತೀನಿ. ಇದು ಮ್ಯಾಗಜೀನಿನವರಿಗೆ ಮಾತ್ರ ಅಲ್ಲ. ಆಫೀಸಿನಲ್ಲಿ ನಲವತ್ತು ಪುಟದ ರಿಪೋರ್ಟ್ ನೋಡೋ ಕರ್ಮ ಇರೋ ನಿಮಗೂ ಆಗಬಹುದು.

ಮೊದಲನೇ ಸಲ ಓದುವಾಗ ಕೈಯಲ್ಲಿ ಪೆನ್ನು ಹಿಡಿಯಬೇಡಿ. ಪೆನ್ನು ಇದ್ರೆ ಕೈ ತಾನಾಗೇ ಕಾಗುಣಿತಕ್ಕೆ ಹೋಗುತ್ತೆ. ಕಾಗುಣಿತದಲ್ಲಿ ಮುಳುಗಿದೋನಿಗೆ ಕಥೆ ಕಾಣಲ್ಲ. ಸುಮ್ಮನೆ ಓದುಗನ ಹಾಗೆ ಓದಿ, ಎಲ್ಲಿ ಮೊಬೈಲ್ ನೋಡಬೇಕು ಅನ್ನಿಸಿತೋ ಆ ಜಾಗ ನೆನಪಿಟ್ಕೊಳ್ಳಿ. ಅಲ್ಲೇನೋ ತೊಂದರೆ ಇದೆ.

ಎರಡನೇ ಸಲ, ಪ್ರತಿ ಪ್ಯಾರಾದ ಪಕ್ಕ ಒಂದೇ ಸಾಲಿನಲ್ಲಿ ಅದು ಏನು ಹೇಳ್ತಿದೆ ಅಂತ ಬರೀರಿ. ಬರೆಯೋಕೆ ಆಗಲಿಲ್ಲ ಅಂದ್ರೆ ಆ ಪ್ಯಾರಾದಲ್ಲಿ ಹುರುಳಿಲ್ಲ, ಇಲ್ಲಾ ಎರಡು ಪ್ಯಾರಾ ಒಂದರಲ್ಲಿ ತುರುಕಿದ್ದಾರೆ. ಆಮೇಲೆ ಲೇಖನ ಪಕ್ಕಕ್ಕಿಟ್ಟು ಆ ಸಾಲುಗಳನ್ನಷ್ಟೇ ಓದಿ. ಮೂರು ಕಡೆ ಒಂದೇ ಮಾತು ಬಂದಿದ್ರೆ, ಒಂಬತ್ತನೇದು ಎರಡನೇ ಜಾಗದಲ್ಲಿ ಇರಬೇಕಿದ್ರೆ, ಕೂಡಲೇ ಗೊತ್ತಾಗುತ್ತೆ. ಕತ್ತರಿ ಆಡಿಸೋದು ಇಲ್ಲಿಂದ. ಜಾಹೀರಾತು ಬಂತು ಅಂತ ಬಾಲದಿಂದಲ್ಲ.

ಮೂರನೇ ಸಲ, ಎರಡು ಪಟ್ಟಿ. ಒಂದರಲ್ಲಿ ಇಸವಿ, ತಾರೀಖು ಕ್ರಮವಾಗಿ. ಇನ್ನೊಂದರಲ್ಲಿ ಲೇಖನದಲ್ಲಿ ಬರೋ ಪ್ರತಿಯೊಬ್ಬ ಮನುಷ್ಯ, ಹೆಸರಿರಲಿ ಇಲ್ಲದಿರಲಿ. ಪ್ರತಿಯೊಬ್ಬರ ಮುಂದೆ ಎರಡು ಪ್ರಶ್ನೆ: ಇವರ ಬಗ್ಗೆ ಹೇಳಿದ್ದು ಯಾರು? ಇವರನ್ನು ಕೇಳಿದ್ರಾ? ಯಾರಿಗೆ ಈ ಲೇಖನದಿಂದ ನೋವಾಗುತ್ತೋ ಅವರ ಮುಂದೆ ಎರಡನೇ ಪ್ರಶ್ನೆ ಖಾಲಿ ಇದ್ರೆ ಲೇಖನ ಮುಂದಕ್ಕೆ ಹೋಗಬಾರದು. ಎಷ್ಟೇ ಚೆನ್ನಾಗಿರಲಿ, ಪುಟ ಎಷ್ಟೇ ಖಾಲಿ ಇರಲಿ.

ಆಮೇಲೆ ಬರೆದವರ ಹತ್ರ ಮಾತಾಡಿ. ‘ಇದು ಸರಿಯಿಲ್ಲ’ ಅಂದ್ರೆ ಅವರು ಜಗಳಕ್ಕೆ ನಿಲ್ತಾರೆ. ‘ಇದು ನಿಮಗೆ ಹೇಗೆ ಗೊತ್ತಾಯ್ತು?’ ಅಂತ ಕೇಳಿದ್ರೆ ನೋಟ್‌ಬುಕ್ ತೆಗೀತಾರೆ. ತಿದ್ದೋದು ಅವರಿಗೇ ಬಿಡಿ. ನಾವೇ ಕೂತು ಬರೆದುಬಿಟ್ರೆ ಅವರ ದನಿ ಹೋಗಿ ನಮ್ಮ ದನಿ ಬರುತ್ತೆ, ‘ಎಡಿಟರುಗಳು ಶೈಲಿ ಹಾಳು ಮಾಡ್ತಾರೆ’ ಅನ್ನೋ ದೂರು ಆಗ ನಿಜವೇ ಆಗುತ್ತೆ. ಕೋಲಾರದ ಕನ್ನಡದಲ್ಲಿ ಬರೆದದ್ದನ್ನು ಪಠ್ಯಪುಸ್ತಕದ ಕನ್ನಡಕ್ಕೆ ಇಳಿಸೋದು ಎಡಿಟಿಂಗ್ ಅಲ್ಲ, ಇಸ್ತ್ರಿ ಮಾಡೋದು.

ಇಷ್ಟೆಲ್ಲ ಆದ ಮೇಲೆ, ಎಲ್ಲಕ್ಕಿಂತ ಕೊನೆಗೆ, ಒಂದು ಸಲ ಗಟ್ಟಿಯಾಗಿ ಓದಿ ಕಾಗುಣಿತ ನೋಡಿ. ನಾವು ಶುರು ಮಾಡೋದೇ ಇಲ್ಲಿಂದ, ಮುಗಿಸೋದೂ ಇಲ್ಲೇ. ನನ್ನ ಗೆಳೆಯ ಹೇಳಿದ್ದು ನಿಜವಾದ್ರೆ ಈ ಕೊನೇ ಕೆಲಸವನ್ನು ನಾಳೆ ಕಂಪ್ಯೂಟರ್ ಮಾಡಲಿ ಬಿಡಿ, ನನ್ನದೇನೂ ತಕರಾರಿಲ್ಲ. ಟೀ ಅಂಗಡಿಯಲ್ಲಿ ಸಿಕ್ಕ ಒಬ್ಬನೇ ಒಬ್ಬ ‘ಊರವರು’ ಆದದ್ದು ಹೇಗೆ ಅಂತ ಫೋನ್ ಮಾಡಿ ಕೇಳೋಕೆ ಒಬ್ಬ ಮನುಷ್ಯ ಬೇಕು. ಅವನಿಗೆ ಕೇಳೋ ಅಧಿಕಾರ ಕೊಡಬೇಕು, ಕೇಳಿದ್ದಕ್ಕೆ ಮೇಲಿನವರು ಬೆನ್ನಿಗೆ ನಿಲ್ಲಬೇಕು, ತಿಂಗಳಾದ್ರೆ ಮರ್ಯಾದೆಯ ಸಂಬಳ ಕೊಡಬೇಕು. ‘ಸಂಪಾದನೆ’ ಅನ್ನೋ ಪದಕ್ಕೆ ಕನ್ನಡದಲ್ಲಿ ಎರಡು ಅರ್ಥ. ನಮ್ಮ ಡೆಸ್ಕುಗಳಲ್ಲಿ ಎರಡೂ ಇಲ್ಲ.

ಓದುಗರಾದ ನಿಮ್ಮ ಪಾಲಿನದೂ ಒಂದಿದೆ. ನೀವು ತಿಂಗಳಿಗೆ ಮೂರು ಓಟಿಟಿಗೆ ದುಡ್ಡು ಕಟ್ತೀರಿ, ಊಟದ ಆರ್ಡರ್ ಹತ್ತು ನಿಮಿಷ ತಡವಾದ್ರೆ ಕಂಪ್ಲೇಂಟ್ ಹಾಕ್ತೀರಿ. ಹಾಗೇ ಒಂದು ಕನ್ನಡ ಪತ್ರಿಕೆಗೆ ಚಂದಾ ಕಟ್ಟಿ. ದುಡ್ಡು ಕೊಟ್ಟು ತಗೊಂಡ ಮೇಲೆ ಅದರಲ್ಲಿ ‘ಎನ್ನಲಾಗಿದೆ’ ಕಂಡಾಗ ಸುಮ್ಮನಿರಬೇಡಿ. ಅಡಿಗೆರೆ ಎಳೆದು, ಫೋಟೊ ತೆಗೆದು, ಸಂಪಾದಕರಿಗೆ ಕಳಿಸಿ. ಉದ್ದ ಪತ್ರ ಬೇಡ. ‘ಅಂದೋರು ಯಾರು?’ ಅಂತ ಎರಡೇ ಪದ ಬರೆದ್ರೆ ಸಾಕು.

ಆ ಹುಡುಗಿ ಬಿಟ್ಟುಹೋದ ಸಂಚಿಕೆ ಇವತ್ತೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ಡೆಸ್ಕಿಗೆ ಹೊಸದಾಗಿ ಸೇರಿದವರಿಗೆ ಮೊದಲನೇ ದಿನ ಅದನ್ನು ಕೊಟ್ಟು, ‘ತಪ್ಪು ಎಲ್ಲಿದೆ ಹುಡುಕಿ’ ಅಂತೀನಿ. ಗೆರೆಗಳು ಕಾಣದ ಹಾಗೆ ಜೆರಾಕ್ಸ್ ಮಾಡಿಸಿಟ್ಟಿದೀನಿ. ಹೆಚ್ಚಿನವರು ಹತ್ತು ನಿಮಿಷದಲ್ಲಿ ವಾಪಸ್ ತರ್ತಾರೆ. ‘ಸಾರ್, ಎರಡು ಕಡೆ ಮಹಾಪ್ರಾಣ ತಪ್ಪಿದೆ’ ಅಂತಾರೆ.

‘ಇನ್ನೊಂದು ಸಲ ಓದಿ’ ಅಂತ ಕಳಿಸ್ತೀನಿ.